ಅಲೆಗೆ ಪೂರ್ಣ ಅಂಕ, ಪಾಚಿಗೆ ಅರ್ಧ

ಸರ್ಫಿಂಗ್ ಮಾಡುವವರಿಗಾಗಿ ಬಂದಿರುವ ಈ ಮೊಬೈಲ್ ಆ್ಯಪ್ ಅಲೆಯ ಎತ್ತರವನ್ನೂ ಗಾಳಿಯ ದಿಕ್ಕನ್ನೂ ಕರಾರುವಾಕ್ಕಾಗಿ ಹೇಳುತ್ತದೆ. ಅದರಲ್ಲಿ ತಕರಾರಿಲ್ಲ. ಆದರೆ ನಾನು ಹಣ ಕೊಟ್ಟು ಚಂದಾದಾರನಾದದ್ದು ಅದರ ಪಾಚಿ ಎಚ್ಚರಿಕೆಗಾಗಿ.

ಈ ಎಚ್ಚರಿಕೆಗೆ ಆಧಾರ, ಉಪಗ್ರಹ ಅಳೆಯುವ ಕ್ಲೋರೊಫಿಲ್ (ಪಾಚಿಯಲ್ಲಿರುವ ಹಸಿರು ಬಣ್ಣದ ವಸ್ತು) ಪ್ರಮಾಣ. ಮೋಡ ಮುಸುಕಿದರೆ ಉಪಗ್ರಹಕ್ಕೆ ನೀರಿನ ಬಣ್ಣ ಕಾಣುವುದಿಲ್ಲ. ಆಗ ಆ್ಯಪ್ 'ಮಾಹಿತಿ ಇಲ್ಲ' ಎನ್ನಬೇಕಲ್ಲವೇ? ಇಲ್ಲ, 'ಅಪಾಯವಿಲ್ಲ' ಎನ್ನುವ ಹಳೆಯ ಹಸಿರು ಗುರುತನ್ನೇ ತೋರಿಸಿಕೊಂಡು ಕೂರುತ್ತದೆ. ಅಂಥದೊಂದು 'ಹಸಿರು' ಬೆಳಿಗ್ಗೆ ನೀರಿಗಿಳಿದೆ. ನೀರಿಗೆ ತುಕ್ಕಿನ ಬಣ್ಣ; ಅಲೆ ಒಡೆದಲ್ಲೆಲ್ಲ ಹಳದಿ ನೊರೆ ಕರಗದೆ ದಪ್ಪಗೆ ನಿಂತಿತ್ತು. ಹಲಗೆಯ ಮೇಲೆ ಎದ್ದು ನಿಲ್ಲುವ ಮೊದಲೇ ಗಂಟಲು ಕೆರೆದು ಕೆಮ್ಮು ಬಂತು, ಕಣ್ಣು ಉರಿಯತೊಡಗಿತು. ಕರೇನಿಯಾದಂಥ ಸೂಕ್ಷ್ಮ ಪಾಚಿಗಳು ಉಕ್ಕಿದಾಗ ಹೀಗಾಗುತ್ತದೆ. ಅಲೆಯ ತುಂತುರಿನೊಡನೆ ಅವುಗಳ ವಿಷ ಗಾಳಿಗೇರುತ್ತದೆ, ನೀರು ಕುಡಿಯಬೇಕೆಂದೇನಿಲ್ಲ. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಸರ್ಫರ್‌ಗಳು ದೂರಿದ್ದೂ ಇಂಥದ್ದನ್ನೇ.

ಸರ್ಗಾಸಮ್ ಕಡಲಕಳೆಯ ನಕ್ಷೆ ಮಾತ್ರ ಮೆಚ್ಚುವಂತಿದೆ. ದಡಕ್ಕೆ ಬಿದ್ದ ಕಳೆ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಎಂಬ ದುರ್ನಾತದ ಅನಿಲ ಹೊರಟು ಮೂಗು ಬಿಡಲಾಗುವುದಿಲ್ಲ. ಅದು ತೇಲಿ ಬರುವ ದಿಕ್ಕು ಮೊದಲೇ ತಿಳಿದರೆ ಬೇರೆ ದಡ ಹುಡುಕಬಹುದು.

ಸಹಾಯ ವಿಭಾಗಕ್ಕೆ ಬರೆದಾಗ 'ನಿಮ್ಮ ಅಭಿಪ್ರಾಯ ಅಮೂಲ್ಯ' ಎಂಬ ಸಿದ್ಧ ಉತ್ತರ ಬಂತು. (ಅಷ್ಟು ಅಮೂಲ್ಯವಾಗಿದ್ದರೆ ತಿದ್ದಬಹುದಿತ್ತು.) ಐದಕ್ಕೆ ಎರಡೂವರೆ ಅಂಕ. ಅಲೆ ನೋಡಲು ಇಟ್ಟುಕೊಳ್ಳಿ. ಪಾಚಿಯ ವಿಷಯಕ್ಕೆ ಆರೋಗ್ಯ ಇಲಾಖೆಯ ನೀರಿನ ಪರೀಕ್ಷಾ ವರದಿಯನ್ನೇ ನೋಡಿ.