ವಿನೀರಿನ ಸ್ಪೀಕರ್ ಪೆಟ್ಟಿಗೆಯನ್ನು ಪಾಲಿಶ್‌ಗೆ ಕೊಡುವ ಮುನ್ನ ಇದನ್ನು ಓದಿ

ಹಳೆಯ ಸ್ಪೀಕರ್ ಪೆಟ್ಟಿಗೆಯ ಗೀರು ತೆಗೆಸಬೇಕೆಂದು ಬೆಂಗಳೂರಿನಲ್ಲಿ ಯಾರಾದರೂ ಪಾಲಿಶ್‌ನವರನ್ನು ಹುಡುಕುತ್ತಿದ್ದರೆ ದಯವಿಟ್ಟು ಸ್ವಲ್ಪ ನಿಲ್ಲಿ. ನಾನು ಕೊಟ್ಟೆ, ಹಾಳು ಮಾಡಿಸಿಕೊಂಡೆ. ಹಾಳು ಮಾಡಿದ್ದಕ್ಕೆ ಹಣವನ್ನೂ ಎಣಿಸಿ ಕೊಟ್ಟೆ. ಒಂಬತ್ತು ದಿನವಾಯಿತು, ಇನ್ನೂ ಹೊಟ್ಟೆ ಉರಿಯುತ್ತಿದೆ.

ಸ್ಪೀಕರ್ ನನ್ನದಲ್ಲ, ಅಪ್ಪನದು. ಇಂಗ್ಲೆಂಡಿನ ಕೆಂಟ್‌ನಲ್ಲಿ ತಯಾರಾದ ಕೆಇಎಫ್ ಕಂಪನಿಯ ಜೋಡಿ, ಹೊರಗೆ ತೇಗದ ವಿನೀರು, ಅಂದರೆ ಹಲಗೆಯ ಮೇಲೆ ಅಂಟಿಸಿದ ತೇಗದ ತೆಳು ಪದರ. 1979ರಲ್ಲಿ ಮಸ್ಕತ್‌ನಿಂದ ಮರಳುವಾಗ ಅಪ್ಪ ಬೇರೆ ಸಾಮಾನು ಬಿಟ್ಟು ಇವನ್ನು ಹೊತ್ತು ತಂದರು. ಎರಡೂ ಪೆಟ್ಟಿಗೆಗಳ ಮರದ ಎಳೆ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುತ್ತಿತ್ತು. ಮನೆ ಬದಲಾಯಿಸುವಾಗ ಕಬ್ಬಿಣದ ಮಂಚದ ಮೂಲೆ ತಗುಲಿ ಎಡಗಡೆಯದರ ತಲೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಚಕ್ಕೆ ಹಾರಿತು. ಪಕ್ಕದಲ್ಲಿ ಗೇಣುದ್ದದ ಎರಡು ಗೀರು. ಅಷ್ಟೇ. ಅಷ್ಟನ್ನು ಸರಿಮಾಡಿಸಲು ಹೋಗಿ ಇಷ್ಟಾಯಿತು.

ಆ ಪಾಲಿಶ್‌ನಾತ ಮನೆಗೇ ಬಂದ. ಪೆಟ್ಟಿಗೆಯನ್ನು ತಟ್ಟಿ ನೋಡಿ, "ಒಳ್ಳೆಯ ಗಟ್ಟಿ ಮರ ಸರ್, ಈಗ ಇಂಥದ್ದು ಸಿಗುವುದಿಲ್ಲ" ಎಂದ. ಗಟ್ಟಿ ಮರವಲ್ಲ, ವಿನೀರು ಎಂದು ನಾನೇ ಹೇಳಿದೆ. "ಗೊತ್ತು ಸರ್, ಗೊತ್ತು" ಎಂದ. ಮೆಷಿನ್ ಹಚ್ಚಬೇಡಿ ಎಂದೂ ಹೇಳಿದೆ. "ಎಲ್ಲ ಕೈಕೆಲಸವೇ ಸರ್" ಎಂದ. ಮೊದಲು 3,500 ರೂಪಾಯಿ ಎಂದವನು ಪೆಟ್ಟಿಗೆ ಅವನ ಅಂಗಡಿ ಸೇರಿದ ಮೇಲೆ 6,500 ಎಂದ. ಗಟ್ಟಿ ಮರ ಎಂದ ಆ ಕ್ಷಣದಲ್ಲೇ ನಾನು ಬಾಗಿಲು ತೋರಿಸಬೇಕಿತ್ತು. ತೋರಿಸಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಮೊಬೈಲ್‌ಗೆ ಫೋಟೋ ಬಂತು. ಮಿರಮಿರ ಮಿಂಚುತ್ತಿತ್ತು. ಗೀರಿಲ್ಲ, ಗುಂಡಿಯಿಲ್ಲ. ಸಂತೋಷದಲ್ಲಿ ಬಾಕಿ ಹಣವನ್ನು ಅಲ್ಲೇ ಫೋನಿನಿಂದ ಕಳುಹಿಸಿಬಿಟ್ಟೆ. ಕಣ್ಣಾರೆ ನೋಡದೆ, ಕೈಯಲ್ಲಿ ಮುಟ್ಟದೆ, ಬರೀ ಫೋಟೋ ನೋಡಿ.

ಪೆಟ್ಟಿಗೆ ಬಂದದ್ದು ರಾತ್ರಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ಅಪ್ಪ ಬಂದು ಪಕ್ಕದಲ್ಲಿ ಕುಳಿತರು. ಅವರಿಗೀಗ ಕಣ್ಣು ಮಂಜು, ಎಲ್ಲವನ್ನೂ ಬೆರಳಿನಲ್ಲೇ ನೋಡುತ್ತಾರೆ. ಪೆಟ್ಟಿಗೆಯ ಮೇಲೆ ಹಿಂದಿನಿಂದ ಮುಂದಕ್ಕೆ ಕೈಯಾಡಿಸಿದರು. ಮತ್ತೆ ಆಡಿಸಿದರು. "ಎಳೆ ಸಿಗುತ್ತಿಲ್ಲವಲ್ಲಪ್ಪ" ಎಂದರು.

ಕಿಟಕಿಯ ಬಿಸಿಲಿಗೆ ತಿರುಗಿಸಿ ನೋಡಿದೆ. ಅಂಗೈಯಗಲದ ಜಾಗದಲ್ಲಿ ಮರವೇ ಇಲ್ಲ! ಪುಟ್ಟಿ ಮೆತ್ತಿ, ಮೇಲೆ ಕಂದು ಬಣ್ಣ ಬಳಿದು, ಸಣ್ಣ ಕುಂಚದಲ್ಲಿ ಎಳೆಗಳ ಗೆರೆ ಎಳೆದಿದ್ದಾನೆ. ಎಲ್ಲ ಗೆರೆಗೂ ಒಂದೇ ದಪ್ಪ, ಒಂದೇ ಅಂತರ. ಅಂಚಿನಲ್ಲಿ ಬಣ್ಣ ಸರಿಯಾಗಿ ಕೂತಿರಲಿಲ್ಲ. ಉಗುರು ಹಾಕಿದರೆ ಸಿಪ್ಪೆಯಂತೆ ಎದ್ದು ಬಂತು, ಕೆಳಗೆ ಹೊಟ್ಟು ಅಂಟಿಸಿದಂತೆ ಹಳದಿ ಚಿಪ್‌ಬೋರ್ಡ್. ಸ್ಪೀಕರನ್ನು ಬಿಚ್ಚಿಡದೆಯೇ ಮೆಷಿನ್ ಓಡಿಸಿದ್ದಾನೆ. ಜಾಲರಿ ತೆಗೆದರೆ ಕೋನಿನ ಸುತ್ತ ಕಂದು ಪುಡಿ.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ. ಮೊದಲು, "ಹಳೆಯ ಮಾಲು ಸರ್, ಇಷ್ಟೇ ಬರುವುದು." ಆಮೇಲೆ, "ವಿನೀರು ಮೊದಲೇ ಹೋಗಿತ್ತು ಸರ್, ನೀವು ನೋಡಿಲ್ಲ." ನನ್ನ ಬಳಿ ಹಿಂದಿನ ಫೋಟೋ ಇದೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನಂತರ, "ಹಾಡು ಬರುತ್ತದೆ ತಾನೇ ಸರ್? ಮತ್ತೇನು?" ಕೊನೆಗೆ, "ಬೇಕಾದರೆ ಸನ್‌ಮೈಕಾ ಅಂಟಿಸಿ ಕೊಡುತ್ತೇನೆ, ತೇಗದ ಡಿಸೈನೇ ಸಿಗುತ್ತದೆ." ಅಪ್ಪನ ತೇಗಕ್ಕೆ ಸನ್‌ಮೈಕಾ! ನನಗೆ ಬಾಯಿಯೇ ಹೊರಡಲಿಲ್ಲ.

ಮೈಸೂರಿನಲ್ಲಿ ಬೀಟೆ ಮರದೊಳಗೆ ಬಣ್ಣಬಣ್ಣದ ಮರದ ಚೂರು ಕೂರಿಸುವ ಹಿರಿಯ ಕೆಲಸಗಾರರೊಬ್ಬರು ಪರಿಚಯ. ಅವರಿಗೆ ತೋರಿಸಿದೆ. ಪೆಟ್ಟಿಗೆಯ ಅಂಚು ನೋಡಿ, "ಇದು ಅರ್ಧ ಮಿಲಿಮೀಟರ್ ಸ್ವಾಮಿ, ಎಟಿಎಂ ಕಾರ್ಡ್ ಇದಕ್ಕಿಂತ ದಪ್ಪ. 80ನೇ ನಂಬರಿನ ಒರಟು ಉಪ್ಪು ಕಾಗದ ಹಾಕಿ ಮೆಷಿನ್ ಒತ್ತಿದರೆ ಕ್ಷಣ ಸಾಕು" ಎಂದರು. ಗುಂಡಿ ಬಿದ್ದಿರುವಾಗ ಸುತ್ತಲಿನ ಮರವನ್ನು ಗುಂಡಿಯ ಮಟ್ಟಕ್ಕೆ ಇಳಿಸಲು ಹೋಗಿದ್ದಾನೆ, ಗುಂಡಿಯನ್ನು ಮೇಲಕ್ಕೆ ತುಂಬಬೇಕಿತ್ತು ಎಂದರು. ಚನ್ನಪಟ್ಟಣದ ಗೊಂಬೆಗೆ ಹಚ್ಚುವಂಥ ಬಣ್ಣದ ಅರಗನ್ನೇ ಬಿಸಿ ಚಾಕುವಿನಲ್ಲಿ ಕರಗಿಸಿ ಚಕ್ಕೆ ಹಾರಿದ ಜಾಗಕ್ಕೆ ತುಂಬಿ, ಆರಿದ ಮೇಲೆ ಅದನ್ನಷ್ಟೇ ಸಮ ಮಾಡಿದ್ದರೆ ಮುಗಿಯುತ್ತಿತ್ತಂತೆ. ಆ ಎರಡು ಗೀರುಗಳಂತೂ ಮರಕ್ಕೆ ಇಳಿದೇ ಇರಲಿಲ್ಲವೆಂದು ಹಳೆಯ ಫೋಟೋ ನೋಡಿಯೇ ಹೇಳಿದರು. ಬಟ್ಟೆಯಲ್ಲಿ ಒಂದಿಷ್ಟು ಟರ್ಪೆಂಟೈನ್ ಸವರಿ, ಒದ್ದೆಯಿರುವಾಗ ಗೀರು ಮಾಯವಾದರೆ ಅದು ಮೇಲಿನ ಪಾಲಿಶ್‌ನಲ್ಲಿ ಮಾತ್ರ ಇದೆಯೆಂದು ಅರ್ಥ. ಚಕ್ಕೆ ಹಾರದೆ ಬರೀ ತಗ್ಗಾಗಿದ್ದರೆ, ತೇವದ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಕೆಲವು ಸೆಕೆಂಡ್ ಮುಟ್ಟಿಸಿದರೆ ಅದುಮಿದ ನಾರು ಉಬ್ಬಿ ಮೇಲೇಳುತ್ತದಂತೆ. ನೀರು ಹೆಚ್ಚಾದರೆ ಮಾತ್ರ ಒಳಗಿನ ಚಿಪ್‌ಬೋರ್ಡ್ ಊದಿಕೊಳ್ಳುತ್ತದೆ. ಇದೆಲ್ಲ ನನಗೆ ಹತ್ತು ದಿನ ಮೊದಲು ಗೊತ್ತಿರಬೇಕಿತ್ತು.

ಈಗ ಉಳಿದಿರುವ ದಾರಿ ಇಡೀ ಪೆಟ್ಟಿಗೆಗೆ ಹೊಸ ವಿನೀರು ಅಂಟಿಸುವುದು. ಅಂಟಿಸಿದರೂ ಬಲಗಡೆಯದರ ಎಳೆಗೆ ಅದು ಹೊಂದುವುದಿಲ್ಲ. ಒಂದೇ ಮರದಿಂದ ಬಂದ ಜೋಡಿ ಮುರಿಯಿತು.

ಕೊಡುವವರು ಇಷ್ಟು ಮಾಡಿ: ಇದು ವಿನೀರೋ ಮರವೋ ಎಂದು ಅವನ ಬಾಯಿಂದಲೇ ಹೇಳಿಸಿ, ನೀವು ಮೊದಲು ಹೇಳಬೇಡಿ. ಮೆಷಿನ್ ಹಚ್ಚುವುದಿಲ್ಲವೆಂದು ಬರೆಸಿಕೊಳ್ಳಿ. ಹಗಲಿನ ಬೆಳಕಿನಲ್ಲಿ ಕೈಯಾಡಿಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಫೋಟೋ ನಂಬಬೇಡಿ. ಫೋಟೋ ನಂಬಲೇಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದು ಅವನಿಗೆ ತಿಳಿದ ಮೇಲೆ ನಿನ್ನೆ ಸಂಜೆ ಅವನೇ ಒಂದು ಸಂದೇಶ ಕಳುಹಿಸಿದ: "ಇನ್ನೊಂದು ಬಾಕ್ಸನ್ನೂ ಕಳುಹಿಸಿ ಸರ್, ಎರಡಕ್ಕೂ ಒಂದೇ ಬಣ್ಣ ಮಾಡಿಬಿಡೋಣ, ಸಾವಿರ ಕಡಿಮೆ ಕೊಡಿ."

ಬಲಗಡೆಯ ಪೆಟ್ಟಿಗೆ ಕಂಬಳಿ ಹೊದ್ದು ಅಪ್ಪನ ಕೋಣೆಯಲ್ಲಿದೆ. ಅದನ್ನು ಯಾರ ಕೈಗೂ ಕೊಡುವುದಿಲ್ಲ.