ನರ ಕಸಿ, ನರ ವರ್ಗಾವಣೆ, ಸ್ನಾಯುರಜ್ಜು ವರ್ಗಾವಣೆ: ಯಾರಿಗೆ ಯಾವುದು?

ಕಬ್ಬು ಕಡಿಯುವಾಗ ಮಚ್ಚಿನೇಟು ಬಿದ್ದು ತೋಳಿನ ಅಲ್ನಾರ್ ನರ (ಕಿರುಬೆರಳ ಕಡೆಯ ಸ್ಪರ್ಶವನ್ನೂ ಅಂಗೈಯ ಸಣ್ಣ ಸ್ನಾಯುಗಳನ್ನೂ ನೋಡಿಕೊಳ್ಳುವ ನರ) ತುಂಡಾದ ತಮ್ಮನಿಗೆ ಯಾವ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಮಂಡ್ಯದಿಂದ ಕೇಳಿದ್ದೀರಿ. ಮೊದಲು ಲೆಕ್ಕ ಹಾಕಬೇಕಾದದ್ದು ಖರ್ಚನ್ನಲ್ಲ, ಕಾಲವನ್ನು.

ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ; ನರದ ಸಂಪರ್ಕ ತಪ್ಪಿದ ಸ್ನಾಯುವಾದರೋ 12ರಿಂದ 18 ತಿಂಗಳಲ್ಲಿ ಚೇತರಿಸಿಕೊಳ್ಳುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಕಾಲಿನಿಂದ ನರದ ತುಂಡು ತೆಗೆದು ಅಂತರ ತುಂಬುವ ಕಸಿ, ಗಾಯವು ಸ್ನಾಯುವಿಗೆ ಸಮೀಪವಿದ್ದಾಗ ಸೂಕ್ತ. ಅದರಿಂದ ಸ್ಪರ್ಶವೂ ಮರಳಬಹುದು, ಆದರೆ ಪಾದದ ಹೊರ ಅಂಚು ಮರಗಟ್ಟುತ್ತದೆ. ಗಾಯ ಮೊಣಕೈಗಿಂತ ಮೇಲಿದ್ದರೆ ಬೆಳೆಯುವ ನರ ಅಂಗೈ ತಲುಪುವ ಹೊತ್ತಿಗೆ ಅಲ್ಲಿನ ಸ್ನಾಯುಗಳು ಸೊರಗಿರುತ್ತವೆ. ಆಗ, ಮುಂಗೈ ತಿರುಗಿಸುವ ಒಂದು ಸಣ್ಣ ಸ್ನಾಯುವಿನ ಆರೋಗ್ಯವಂತ ನರವನ್ನು ಮಣಿಕಟ್ಟಿನ ಹತ್ತಿರವೇ ಅಲ್ನಾರ್ ನರದ ಚಲನಾ ಭಾಗಕ್ಕೆ ಜೋಡಿಸುವ ನರ ವರ್ಗಾವಣೆಯೇ ಮೇಲೆಂದು ನನ್ನ ಅಭಿಪ್ರಾಯ. ಆರು ತಿಂಗಳೊಳಗೆ ಮಾಡಿಸಿದರೆ ಒಳ್ಳೆಯದು; ಫಲ ಕಾಣಲು ತಿಂಗಳುಗಟ್ಟಲೆ ತಾಳ್ಮೆ ಬೇಕು.

ವರ್ಷಗಳೇ ಕಳೆದಿದ್ದರೆ ಸ್ನಾಯುರಜ್ಜು ವರ್ಗಾವಣೆ ಉಳಿಯುತ್ತದೆ; ಅಂದರೆ ಕೆಲಸ ಮಾಡುವ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಹುರಿಯನ್ನು ಬಿಡಿಸಿ, ಸೊರಗಿದ ಸ್ನಾಯುವಿನ ಕೆಲಸ ಮಾಡುವಂತೆ ಬೇರೆಡೆ ಜೋಡಿಸುವುದು. ಕೆಲವು ವಾರ ಪಟ್ಟಿ ಕಟ್ಟಿದ ಬಳಿಕ ಚಲನೆ ಬೇಗ ಬರುತ್ತದೆ, ಆದರೆ ಸ್ಪರ್ಶ ಮರಳುವುದಿಲ್ಲ, ಕೀಲುಗಳು ಬಿಗಿದಿರಲೂಬಾರದು. ಬೇಗ ದುಡಿಮೆಗೆ ಮರಳಲೇಬೇಕಾದವರಿಗೂ ಇದು ಒಗ್ಗುತ್ತದೆ.

ಖರ್ಚಿನಲ್ಲಿ ಫಿಸಿಯೋಥೆರಪಿಗಾಗಿ ಮೈಸೂರಿಗೆ ಓಡಾಡುವುದನ್ನೂ ಸೇರಿಸಿಕೊಳ್ಳಿ. ಅದು ಮೂರಕ್ಕೂ ಬೇಕು. ನಿರ್ಧಾರಕ್ಕೆ ಮುನ್ನ ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿ.