10 ಮೀಟರ್ ಏರ್ ರೈಫಲ್‌ಗೆ ಯಾವ ಪೆಲೆಟ್? ಒಬ್ಬ ಲೇತ್‌ನವನ ಲೆಕ್ಕ

ಮೊದಲು ತೀರ್ಪು ಹೇಳಿಬಿಡುತ್ತೇನೆ, ವಿಚಾರಣೆ ಆಮೇಲೆ. ನಮ್ಮ ಮಗಳ ರೈಫಲ್‌ಗೆ ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್, 4.50 ಹೆಡ್ (ತಲೆಯ ಅಗಲ, ಮಿಲಿಮೀಟರಲ್ಲಿ), 0.53 ಗ್ರಾಂ ತೂಕದ ಪೆಲೆಟ್, ಅಂದ್ರೆ ಏರ್ ರೈಫಲ್‌ನ ಪುಟ್ಟ ಸೀಸದ ಗುಂಡು, ಚೆನ್ನಾಗಿ ಹೊಂದಿತು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆದರೆ ನಿಮ್ಮ ರೈಫಲ್‌ಗೂ ಇದನ್ನೇ ತಗೊಳ್ಳಿ ಅಂತ ಹೇಳಲ್ಲ. ಯಾಕೆ ಹೇಳಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಬರೆಯಬೇಕು.

ನನ್ನದು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಸಣ್ಣ ಲೇತ್ ವರ್ಕ್‌ಶಾಪ್. ಬುಷ್, ಶಾಫ್ಟ್, ಪಂಪಿನ ಸ್ಲೀವ್, ಇಂಥವೇ ಕೆಲಸ. ಮಗಳು ಪಿಯುಸಿ. 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ಹೊಡೆಯೋದು ಅವಳ ಕೆಲಸ, ಡಬ್ಬಿ ತರೋದು ನನ್ನ ಕೆಲಸ. ದಿನಾ ಮೈಕ್ರಾನ್ ಲೆಕ್ಕದಲ್ಲಿ ಬದುಕೋ ಮನುಷ್ಯನ ಕೈಗೆ 500 ಸೀಸದ ಗುಂಡು ಕೊಟ್ಟರೆ ಅವನು ಅಳೆಯದೆ ಬಿಡ್ತಾನಾ? ನಮ್ಮ ಮನೆಯವಳಿಗೆ ಮಾತ್ರ ಇದು ಶುದ್ಧ ತಲೆನೋವು.

ಪಂಚಮಿ ಉಂಡಿ ತಿನ್ನೋಕೆ ಮನೆಗೆ ಬಂದಿದ್ದ ಕಾಕಾ ರೈಫಲ್ ನೋಡಿ ಕೇಳಿದ ಮೊದಲ ಪ್ರಶ್ನೆ, "ತಮ್ಮಾ, ಇದಕ್ಕ ಕರಡಿ ಬೀಳತೈತೇನೋ?" ಕಾಕಾಗೆ ದರೋಜಿ ಕಡೆ ಬೀಗತನ. ಆ ಕಡೆ ಕರಡಿಧಾಮ ಇದೆ, ಹೊಲಕ್ಕೆ ಕರಡಿ ಬರೋದು ಅವರ ಮನೆಮಾತು. "ಕಾಕಾ, ಇದು ಅದರ ಕೂದಲಾನೂ ದಾಟಂಗಿಲ್ಲ. ಮತ್ತ ಕರಡಿಗೆ ಕೈ ಹಚ್ಚಿದ್ರ ಸೀದಾ ಜೈಲು" ಅಂದೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ ಕರಡಿ. ಆದರೂ ಅವರು ಬಿಡಲಿಲ್ಲ. "ಹಂಗಾರ ಫಾರಿನ್‌ನ್ಯಾಗ ಹೆಂಗ ಹೊಡಿತಾರ?"

ಇದು ಒಳ್ಳೇ ಪ್ರಶ್ನೆ. ಪೆಲೆಟ್ ವಿಷಯ ತಲೆಗೆ ಹೋಗಬೇಕಾದರೆ ಆ ಕರಡಿ ಗುಂಡನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಬೇಕು. ಅಲಾಸ್ಕಾದಲ್ಲಿ ಲೈಸೆನ್ಸ್ ತಗೊಂಡು ಕಂದು ಕರಡಿ ಬೇಟೆ ಆಡ್ತಾರೆ. ಪೊದೆಗಳ ನಡುವೆ ತೀರಾ ಹತ್ತಿರದಿಂದ ಗುಂಡು ಹಾರಿಸೋ ಸಂದರ್ಭ ಬರುತ್ತೆ. ಅಲ್ಲಿ ಗುಂಡಿಗೆ ಬೇಕಾದ ಗುಣ ಒಂದೇ: ಒಡೆಯಬಾರದು. ದಪ್ಪ ಚರ್ಮ, ಕೊಬ್ಬು, ಭುಜದ ಮೂಳೆ ಎಲ್ಲ ದಾಟಿ ಒಳಗೆ ಆಳಕ್ಕೆ ಹೋಗಬೇಕು. ಹತ್ತಿರದಲ್ಲಿ ಗುಂಡಿನ ವೇಗ ಇನ್ನೂ ಇಳಿದಿರಲ್ಲ. ಆ ವೇಗದಲ್ಲಿ ಮೂಳೆಗೆ ಬಡಿದರೆ ತೆಳು ತಾಮ್ರದ ಕವಚ, ಮೆತ್ತನೆ ಸೀಸ ಇರೋ ಸಾದಾ ಗುಂಡು ಮೇಲೆಯೇ ಚೂರುಚೂರಾಗಬಹುದು. ಅದು ದೂರದ ಜಿಂಕೆಗೆ ಸರಿ ಇರಬಹುದು, ಹತ್ತಿರದ ಕರಡಿಗೆ ಅಲ್ಲ. ಅದಕ್ಕೇ ಅವರು ಭಾರದ ಗುಂಡು ಆರಿಸ್ತಾರೆ. ಸೀಸವನ್ನು ಕವಚಕ್ಕೆ ಬೆಸೆದಿರೋದು, ಇಲ್ಲವೇ ಪೂರ್ತಿ ತಾಮ್ರದ್ದು. .45-70ಯಂಥ ಹಳೇ ಕಾಲದ ಬೋರಿಗಾದರೆ ಗಟ್ಟಿ ಮಿಶ್ರಲೋಹದ ಎರಕದ ಗುಂಡು.

ನನಗೆ ತುಂಬ ಹಿಡಿಸಿದ್ದು ನೋಸ್ಲರ್ ಕಂಪನಿಯ ಪಾರ್ಟಿಶನ್ ಗುಂಡು. 1940ರ ದಶಕದ ಯೋಚನೆ ಅದು. ಗುಂಡಿನ ಮಧ್ಯೆ ಅಡ್ಡಲಾಗಿ ತಾಮ್ರದ ಗೋಡೆ. ಮುಂದಿನ ಸೀಸ ಬಡಿದ ಕೂಡಲೇ ಅರಳುತ್ತೆ, ಗೋಡೆಯ ಹಿಂದಿನ ಸೀಸ ಹಾಗೇ ಉಳಿದು ಒಳಗೆ ನುಗ್ಗುತ್ತೆ. ಇದನ್ನ ಕಟ್ ಮಾಡಿ ತೋರಿಸಿದ ಫೋಟೋ ನೋಡಿ ಯಾವ ಟರ್ನರ್ ಆದರೂ "ಭಪ್ಪರೆ" ಅಂತಾನೆ. 

ಈಗ ಅಂಕಿ ನೋಡಿ. .375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ಅನ್ನೋದು ಇಂಥ ದೊಡ್ಡ ಬೇಟೆಗೆ 1912ರಿಂದ ಇರೋ ತೋಟೆ. ಅದರ 300 ಗ್ರೇನ್ ಗುಂಡು ಸುಮಾರು ಹತ್ತೊಂಬತ್ತೂವರೆ ಗ್ರಾಂ. ಸೆಕೆಂಡಿಗೆ 770 ಮೀಟರ್ ಹತ್ತಿರ ಓಡುತ್ತೆ. ಶಕ್ತಿ 5,700 ಜೂಲ್ ಆಸುಪಾಸು. ನಮ್ಮ ಪೆಲೆಟ್ ಅರ್ಧ ಗ್ರಾಂ ಚಿಲ್ಲರೆ, ಸೆಕೆಂಡಿಗೆ 170 ಮೀಟರ್, ಏಳೆಂಟು ಜೂಲ್. ಕಾಕಾ ಇದನ್ನ ಕೇಳಿ, "ಅಂದ್ರ ಇದು ಆಟಗಿ ಸಾಮಾನು" ಅಂದು ಉಂಡಿ ಕಡೆ ಹೊರಳಿದರು. ಆಟಿಕೆ ಅಲ್ಲ ಬಿಡಿ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ. 20 ಜೂಲ್ ಒಳಗಿನ .177 ಇಂಚಿನ (ಅದೇ ನಮ್ಮ 4.5 ಮಿಲಿಮೀಟರ್) ಏರ್ ಗನ್‌ಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ ನಿಜ. ಹಾಗಂತ ಮಕ್ಕಳ ಕೈಗೆ ಕೊಟ್ಟು ಟೆರೇಸಿಗೆ ಕಳಿಸೋದಲ್ಲ.

ಕರಡಿ ಗುಂಡು ಮೂಳೆ ದಾಟಬೇಕು. ಪೆಲೆಟ್ ದಾಟಬೇಕಾದ್ದು ಒಂದು ಕಾಗದ. ಆದ್ದರಿಂದ ಎಲ್ಲ ಉಲ್ಟಾ. ಇಲ್ಲಿ ಮೆತ್ತನೆ ಸೀಸವೇ ಬೇಕು, ಬ್ಯಾರಲ್ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳೋಕೆ. ಮೂತಿ ಚೂಪಾಗಿರಲ್ಲ, ತಟ್ಟೆ ಥರ ಚಪ್ಪಟೆ. ಕಾಗದದಲ್ಲಿ ಪಂಚ್ ಹೊಡೆದ ಹಾಗೆ ದುಂಡನೆ ತೂತು ಬೀಳಲಿ, ಅಂಕ ಎಣಿಸೋದು ಸುಲಭ ಆಗಲಿ ಅಂತ. ನಡು ಸಣ್ಣ, ಹಿಂದೆ ಟೊಳ್ಳು ಸ್ಕರ್ಟ್. ಗಾಳಿ ಒತ್ತಿದಾಗ ಆ ಸ್ಕರ್ಟ್ ಹಿಗ್ಗಿ ಬ್ಯಾರಲ್‌ಗೆ ಅಂಟಿಕೊಳ್ಳುತ್ತೆ.

ಡಬ್ಬಿ ಮೇಲೆ 4.49, 4.50, 4.51 ಅಂತ ಬರೆದಿರುತ್ತೆ. ಅದು ತಲೆಯ ಅಳತೆ. ಒಂದಕ್ಕೂ ಇನ್ನೊಂದಕ್ಕೂ ಹತ್ತು ಮೈಕ್ರಾನ್, ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗ ವ್ಯತ್ಯಾಸ. ಬಹಳ ಪಾಲಕರು ಇದನ್ನ ನೋಡೋದೇ ಇಲ್ಲ, ಅಂಗಡಿಯವರು ಕೊಟ್ಟಿದ್ದು ತರ್ತಾರೆ. ಇನ್ನು ಕೆಲವರು ನನ್ನ ಥರ ಮೈಕ್ರೋಮೀಟರ್ ಹಿಡಿಯೋಕೆ ಹೋಗ್ತಾರೆ. ಬೇಡ. ಸೀಸ ಎಷ್ಟು ಮೆತ್ತಗಿದೆ ಅಂದ್ರೆ ರ್‍ಯಾಚೆಟ್ ಒತ್ತಿಗೇ ಚಪ್ಪಟೆಯಾಗುತ್ತೆ, ನೀವು ಅಳೆದದ್ದು ನೀವೇ ಹಾಳು ಮಾಡಿದ್ದು. ನಾನು ಹಿತ್ತಾಳೆ ಪಟ್ಟಿಯಲ್ಲಿ ರೀಮರ್ ಹಾಕಿ 4.50ರ ತೂತು ಮಾಡಿಕೊಂಡಿದ್ದೇನೆ. ಪೆಲೆಟ್ ತಲೆ ಕೆಳಗೆ ಮಾಡಿ ಬಿಟ್ಟರೆ ತಲೆ ಅಲ್ಲಿಗೆ ಬಂದು ಮೆತ್ತಗೆ ಕೂರಬೇಕು. ಜಾರಿದರೆ ಸಣ್ಣದು, ಮೇಲೇ ನಿಂತರೆ ದೊಡ್ಡದು. ಇದೆಲ್ಲ ಇಲ್ಲದವರಿಗೆ ಒಂದು ಕಿಟಕಿ ಗಾಜು ಸಾಕು. ಗಾಜನ್ನು ಚೂರು ಓರೆ ಇಟ್ಟು ಪೆಲೆಟ್ ಉರುಳಿಸಿ. ತಲೆಗಿಂತ ಸ್ಕರ್ಟ್ ಅಗಲ ಇರೋದರಿಂದ ಅದು ಬಾಗಿಕೊಂಡು ಓಡುತ್ತೆ. ಎಲ್ಲ ಒಂದೇ ದಾರಿಯಲ್ಲಿ ಬಾಗಿದರೆ ಸರಿ. ಯಾವುದಾದರೂ ಕುಂಟಿದರೆ ಸ್ಕರ್ಟ್ ಬಗ್ಗಿದೆ ಅಂತ ಅರ್ಥ.

ತೂಕಕ್ಕೆ ಜವಳಿ ಸಾಲ ಕಡೆಯ ನಮ್ಮ ಪರಿಚಯದ ಪತ್ತಾರರ ತಕ್ಕಡಿ. ಮಿಲಿಗ್ರಾಂ ತೋರಿಸುತ್ತೆ. ಫಿನಾಲೆ ಮ್ಯಾಚ್ ಪೆಲೆಟ್‌ಗಳು 0.528ರಿಂದ 0.533 ಒಳಗೇ ಬಂದವು. ಹೆಸರು ಹೇಳಲ್ಲ, ಅಗ್ಗದ ಒಂದು ಡಬ್ಬಿಯಲ್ಲಿ 0.49 ಕೂಡ ಸಿಕ್ಕಿತು, 0.54 ಕೂಡ ಸಿಕ್ಕಿತು. "ಇದೇನ್ರೀ, ಕಡ್ಲಿಬ್ಯಾಳಿ ತೂಗಿದಂಗಾತು" ಅಂದರು ಪತ್ತಾರರು.

ಆದರೆ ತೂಕ, ಅಳತೆ ಎಲ್ಲ ಅರ್ಧ ಮಾತು. ಪೂರ್ತಿ ಮಾತು ಹೇಳೋದು ಬ್ಯಾರಲ್. ಕೋಚ್ ಸರ್ ಒಪ್ಪಿಗೆ ತಗೊಂಡು ರೈಫಲ್‌ನ ಮರದ ಭಾಗ ಬಿಚ್ಚಿದೆ. ಉಳಿದಿದ್ದನ್ನ ಚರ್ಮ ಹಾಕಿದ ಅಲ್ಯುಮಿನಿಯಂ ದವಡೆ ಮಾಡಿ ಬೆಂಚ್ ವೈಸ್‌ಗೆ ಕಟ್ಟಿದೆವು. ಮನುಷ್ಯನ ಕೈ ನಡುಕ ಅಲ್ಲಿಗೆ ಮುಗೀತು. ಒಂದೊಂದು ಡಬ್ಬಿಯಿಂದ ಹತ್ತು ಹತ್ತು ಗುಂಡು ಒಂದೇ ಕಾರ್ಡಿಗೆ. ಆಮೇಲೆ ವರ್ನಿಯರ್ ಇಟ್ಟು ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯೋದು. ಪೆಲೆಟ್ಟೇ 4.5 ಮಿಲಿಮೀಟರ್ ಇರೋದರಿಂದ ಎಲ್ಲ ಒಂದೇ ತೂತಲ್ಲಿ ಹೋದರೂ ನಾಲ್ಕೂವರೆ ಬರುತ್ತೆ.

ಫಿನಾಲೆ 4.50ರಲ್ಲಿ 5.2 ಬಂತು. 4.49ರಲ್ಲಿ ಚೂರು ಹರಡಿತು. ಪಕ್ಕದ ಹುಡುಗನ ರೈಫಲ್ ಕೂಡ ಕಟ್ಟಿ ನೋಡಿದೆವು, ಅದೇ ಮಾಡೆಲ್. ಅವನದಕ್ಕೆ ಆರ್‌ಡಬ್ಲ್ಯೂಎಸ್ ಆರ್10 ಮ್ಯಾಚ್ ಎಲ್ಲಕ್ಕಿಂತ ಚೆನ್ನಾಗಿ ಕೂತಿತು. ಎರಡೂ ಜರ್ಮನಿ ಮಾಲು, ಎರಡೂ ಉತ್ತಮ ಮಾಲು. ಚೆಕ್ ದೇಶದ ಜೆಎಸ್‌ಬಿ ಕೂಡ ಅದೇ ಸಾಲಿನದು. ಯಾವುದು ಮೇಲು ಅಂತ ಜಗಳ ಆಡೋದು ಸುಮ್ನೆ ಟೈಮ್‌ಪಾಸ್.

ಅದಕ್ಕಿಂತ ಮುಖ್ಯವಾದದ್ದು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರೋ ಲಾಟ್ ನಂಬರ್. ಒಂದೇ ಹೆಸರು, ಒಂದೇ ಸೈಜ್, ಎರಡು ಲಾಟ್ ಹೊಡೆದು ನೋಡಿದರೆ ಒಂದು 5.2, ಇನ್ನೊಂದು 6.4. ಅಚ್ಚು ಸವೀತಾ ಇರುತ್ತೆ, ಬದಲಾಯಿಸ್ತಾರೆ, ಮತ್ತೆ ಸವೆಯುತ್ತೆ. ನಮ್ಮ ಶಾಪಲ್ಲೂ ಬೆಳಗಿನ ಬುಷ್ಷಿಗೂ ಟೂಲ್ ಬದಲಾಯಿಸಿದ ಮೇಲಿನ ಬುಷ್ಷಿಗೂ ಮೈಕ್ರಾನ್ ಫರಕು ಇದ್ದೇ ಇರುತ್ತೆ. ಹಾಗಾಗಿ ಹೊಂದೋ ಲಾಟ್ ಸಿಕ್ಕ ದಿನ ಕೈಯಲ್ಲಿ ದುಡ್ಡಿದ್ದಷ್ಟು ಡಬ್ಬಿ ಅದೇ ನಂಬರಿನದು ತಂದಿಡಿ.

ಇಷ್ಟೆಲ್ಲ ಬೇಕಾ ಅಂತ ಕೇಳಿದರೆ, ಎಲ್ಲರಿಗೂ ಬೇಡ. ಟಾರ್ಗೆಟ್‌ನ ನಡು ಚುಕ್ಕೆ ಅರ್ಧ ಮಿಲಿಮೀಟರ್. ಪೆಲೆಟ್ ಅದನ್ನ ಮುಟ್ಟಿದರೂ 10. ನಡುವಿನಿಂದ ಕಾಲು ಮಿಲಿಮೀಟರ್ ಸರಿದಂಗೆಲ್ಲ 0.1 ಕಡಿಮೆ, 10.9ರಿಂದ ಕೆಳಗೆ. ಹೊಸದಾಗಿ ಸೇರಿದ ಮಗು ಸರಾಸರಿ 9.4 ಹೊಡೆಯುತ್ತೆ ಅನ್ನಿ. ಅಂದ್ರೆ ಅದರ ಕೈಯೇ ನಾಲ್ಕು ಮಿಲಿಮೀಟರ್ ಓಡಾಡ್ತಿದೆ. ಹೊಂದದ ಪೆಲೆಟ್ ಕಡೆಯಿಂದ 0.7 ಮಿಲಿಮೀಟರ್ ಸೇರಿದರೂ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಅದು 4.06 ಆಗುತ್ತೆ, ಅಷ್ಟೇ. ಅಂಥ ಮಗುವಿಗೆ ಮ್ಯಾಚ್ ಡಬ್ಬಿ ತರೋದು ದುಡ್ಡು ದಂಡ. ಟ್ರೇನಿಂಗ್ ಪೆಲೆಟ್ ಸಾಕು, ಎಚ್ ಅಂಡ್ ಎನ್ ಅವರದೇ ಸ್ಪೋರ್ಟ್ ಇದೆ. ಉಳಿದ ದುಡ್ಡಿಗೆ ಒಳ್ಳೇ ಶೂಟಿಂಗ್ ಬೂಟು ಕೊಡಿಸಿ.

ಸರಾಸರಿ 10.2 ಮುಟ್ಟಿದ ಮೇಲೆ ಕಥೆ ಬೇರೆ. ಅಲ್ಲಿ ಕೈ ಓಡಾಟ ಒಂದೂಮುಕ್ಕಾಲು ಮಿಲಿಮೀಟರ್. ಅದಕ್ಕೆ ಅದೇ 0.7 ಸೇರಿದರೆ 1.88. ಒಂದು ಗುಂಡಿಗೆ 0.05 ಹೋಯ್ತು. 60 ಗುಂಡಿಗೆ ಮೂರು ಪಾಯಿಂಟ್! ಈಗ ಕ್ವಾಲಿಫಿಕೇಶನ್‌ನಲ್ಲೂ ದಶಮಾಂಶ ಎಣಿಸ್ತಾರೆ, ಹಾಗಾಗಿ ಮೂರು ಪಾಯಿಂಟ್ ಅಂದ್ರೆ ತಮಾಷೆ ಅಲ್ಲ. ಪೂರ್ಣಾಂಕ ಮಾತ್ರ ಎಣಿಸ್ತಿದ್ದ ಕಾಲದಲ್ಲೇ, 2008ರ ಬೀಜಿಂಗ್‌ನಲ್ಲಿ, ಅಭಿನವ್ ಬಿಂದ್ರಾ 596 ಹೊಡೆದು ಫೈನಲ್‌ಗೆ ಹೋಗಿ ಚಿನ್ನ ತಂದರು. ಒಂದೇ ಒಂದು ಕಡಿಮೆ, 595 ಹೊಡೆದ ಗಗನ್ ನಾರಂಗ್, ಅಷ್ಟೇ ಅಂಕ ಹೊಡೆದವರ ಜೊತೆಗಿನ ಕೌಂಟ್‌ಬ್ಯಾಕ್‌ನಲ್ಲಿ (ಕೊನೆಯ ಸುತ್ತಿನ ಅಂಕ ಹೋಲಿಸೋದರಲ್ಲಿ) ಹೊರಗುಳಿದರು. ಅವರ ಕಂಚಿಗೆ 2012ರ ಲಂಡನ್ ತನಕ ಕಾಯಬೇಕಾಯಿತು.

ಮೊದಲು ಹೇಳಿದ ಐದಕ್ಕೆ ನಾಲ್ಕೂವರೆಯಲ್ಲಿ ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಬೆಲೆಗೆ. ಬೇರೆ ಏನೂ ತಕರಾರಿಲ್ಲ.

ತಕರಾರು ಇರೋದು ತರಿಸೋ ವ್ಯವಸ್ಥೆ ಬಗ್ಗೆ. ಒಬ್ಬ ಆನ್‌ಲೈನ್ ಮಾರಾಟಗಾರ ಎರಡು ಡಬ್ಬಿಯನ್ನ ಬರೀ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಳಿಸಿದ್ದ. ಬಂದಾಗ ಒಂದರ ಮುಚ್ಚಳ ನೆಗ್ಗಿತ್ತು. ಬಿಚ್ಚಿದರೆ ಸ್ಕರ್ಟ್‌ಗಳು ಹುಣಿಸೆ ಬೀಜದಂತೆ ಒಂದು ಕಡೆ ಒತ್ತಿಹೋಗಿದ್ದವು. ಫೋನ್ ಮಾಡಿದರೆ, "ಸರ್, ಸೀಸ ಅಲ್ವಾ, ಒಳಗೆ ಹೋಗಿ ಸರಿ ಆಗುತ್ತೆ" ಅಂತಾನೆ! ಎಲ್ಲಿ ಸರಿ ಆಗುತ್ತೆ? ಬ್ಯಾರಲ್‌ನಿಂದ ಹೊರಬೀಳುವಾಗ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟನ್ನ ಪಕ್ಕಕ್ಕೆ ತಳ್ಳುತ್ತೆ. ವಾಪಸ್ ತಗೊಳ್ಳಲಿಲ್ಲ. ಈಗ ನಾನು ತರಿಸೋದು ಪುಣೆಯ ಇನ್ನೊಬ್ಬರ ಹತ್ತಿರ. ಫೋನಲ್ಲಿ ಲಾಟ್ ನಂಬರ್ ಓದಿ ಹೇಳ್ತಾರೆ, ಡಬ್ಬಿಗೆ ಫೋಮ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸ್ತಾರೆ. ಚೂರು ಜಾಸ್ತಿ ಆದರೂ ಪರವಾಗಿಲ್ಲ.

ಮನೆಗೆ ಬಂದ ಮೇಲೆ ಡಬ್ಬಿಯನ್ನ ಒಣ ಜಾಗದಲ್ಲಿಡಿ. ನಮ್ಮ ಕಡೆ ಜಿಟಿಜಿಟಿ ಮಳೆ ಹಿಡಿದರೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತೆ. ಅದು ಬ್ಯಾರಲ್‌ಗೂ ಒಳ್ಳೆಯದಲ್ಲ, ಹೊಟ್ಟೆಗಂತೂ ವಿಷ. ಮಗಳು ಪ್ರಾಕ್ಟೀಸ್ ಮುಗಿಸಿ ಅದೇ ಕೈಯಲ್ಲಿ ಗಿರ್ಮಿಟ್ ತಿನ್ನೋಕೆ ಹೋಗ್ತಾಳೆ. ಬ್ಯಾಗಲ್ಲಿ ಸೋಪು ಇಟ್ಟು ಕಳಿಸ್ತೀನಿ. ಅಲ್ಲಿ ನೀರೂ ಇದೆ, ನಲ್ಲಿಯೂ ಇದೆ, "ಆಯ್ತು ಪಪ್ಪಾ" ಅನ್ನೋ ಉತ್ತರವೂ ಇದೆ. ಸೋಪು ಮಾತ್ರ ಸವೆದದ್ದು ಇನ್ನೂ ಕಂಡಿಲ್ಲ.